ಕಮಲಾಪುರದ ಕೆಂಪು

ಖೂಬಾ ಪ್ಲಾಟಿನ ಆ ಓಣಿಯ ತುದಿಗೆ ಹಿಟ್ಟಿನ ಗಿರಣಿ ಇತ್ತು. ಅದರ ಪಟ್ಟಾ ಎರಡು ಕಡೆ ಹರಿದು ಹೊಲಿಗೆ ಹಾಕಿಸಿಕೊಂಡಿದ್ದರಿಂದ ತಿರುಗುವಾಗ ಟಪ್, ಟಪ್ಪಟಪ್ ಎಂದು ಕುಂಟುತ್ತಿತ್ತು. ಓಣಿಯವರಿಗೆ ಆ ಸದ್ದು ಕಿವಿಗೆ ಬಿದ್ದೂ ಬೀಳದಂತಾಗಿತ್ತು. ಇಂದೂಬಾಯಿಗೆ ಹಾಗಲ್ಲ. ಗಿರಣಿ ನಿಂತಿತೆಂದರೆ ಕರೆಂಟು ಹೋಯಿತು. ಕರೆಂಟು ಹೋಯಿತೆಂದರೆ ಅರ್ಧ ತಾಸಿನ ದಾರಿಯಾಚೆ, ಕಾಲೇಜಿನ ಹಿಂದಿನ ಕೋಣೆಯಲ್ಲಿ, ಭಟ್ಟಿ ತಣ್ಣಗಾಗತೊಡಗಿತು. ರವಿವಾರ ಮಧ್ಯಾಹ್ನ ಜೋಳದ ಭಕ್ರಿ ಬಡಿಯುತ್ತ ಕೂತವಳು ಸದ್ದು ನಿಂತ ಕೂಡಲೇ ಕೈ ನಿಲ್ಲಿಸಿ ಗಡಿಯಾರ ನೋಡುತ್ತಿದ್ದಳು. ಹತ್ತು ನಿಮಿಷದೊಳಗೆ ಟಪ್ಪಟಪ್ ಮತ್ತೆ ಶುರುವಾದರೆ ಸರಿ. ಇಲ್ಲದಿದ್ದರೆ ವಾರದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಂಚಿನ ಮೇಲಿನ ಭಕ್ರಿ ಎಷ್ಟೋ ಸಲ ಕರಿದಾಗುತ್ತಿತ್ತು.

ಇಂದೂಬಾಯಿ ಕಮಲಾಪುರಕರ ಆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಅವಳ ವಿದ್ಯೆ ಔಷಧ, ಅತ್ತರುಗಳ ಕಡೆಯದಲ್ಲ. ಕಲ್ಲು, ಮಣ್ಣು, ಲೋಹದ ಪುಡಿಗಳ ಕಡೆಯದು. ಎರಡು ಮೂರು ಪುಡಿಗಳನ್ನು ಅಳತೆ ಮಾಡಿ ಬೆರೆಸಬೇಕು, ತಾಸುಗಟ್ಟಲೆ ಅರೆಯಬೇಕು, ಮೂಸೆಯಲ್ಲಿ ತುಂಬಿ ಕಬ್ಬಿಣ ಮೆತ್ತಗಾಗುವಷ್ಟು ಬಿಸಿಯಲ್ಲಿ ಸುಡಬೇಕು, ತೆಗೆದು ಮತ್ತೆ ಅರೆಯಬೇಕು, ಮತ್ತೆ ಸುಡಬೇಕು. ಕೊನೆಗೆ ಮೊದಲು ಎಲ್ಲಿಯೂ ಇರದಿದ್ದ ಒಂದು ವಸ್ತು ಹುಟ್ಟಬಹುದು. ಹುಟ್ಟದೆಯೂ ಇರಬಹುದು. ಹುಟ್ಟದೆ ಇರುವುದೇ ಹೆಚ್ಚು.

ಎಂಬತ್ನಾಲ್ಕರಲ್ಲಿ ಆ ಭಟ್ಟಿಯನ್ನು ಅವಳೇ ಕಟ್ಟಿಸಿದ್ದಳು. ಸಿಮೆಂಟ್ ಕಾರ್ಖಾನೆಯೊಂದು ಬಿಸಾಕಿದ್ದ ಬೆಂಕಿ ಇಟ್ಟಂಗಿಗಳನ್ನು ಟೆಂಪೋದಲ್ಲಿ ತರಿಸಿ, ಒಳಗೆ ಬಿಸಿಯ ಕಡ್ಡಿಗಳನ್ನು ಕೂಡಿಸಿ, ಬಾಗಿಲಿಗೆ ಹಳೆಯ ತಿಜೋರಿಯ ಹಿಡಿಕೆ ಹಚ್ಚಿಸಿದ್ದಳು. ಆ ವರ್ಷವೇ ಮಾಳಿಂಗಪ್ಪ ಪ್ರಯೋಗಾಲಯದ ಜವಾನನಾಗಿ ಬಂದದ್ದು. ಕಮಲಾಪುರದ ಹತ್ತಿರದ ಮಹಾಗಾಂವದವನು. ನಲವತ್ತರ ಆಸುಪಾಸಿನ ಮನುಷ್ಯ, ಕೆಂಪು ರುಮಾಲು, ಸೊಂಟದಲ್ಲಿ ತಂಬಾಕಿನ ಚಂಚಿ. ಅವಳಿಗಿಂತ ಆರೇಳು ವರ್ಷ ದೊಡ್ಡವನು.

ಮೊದಲ ದಿನ ಅವಳು ಅವನ ಕೈಗೆ ಪುಡಿ ಅರೆಯುವ ಅಕೀಕ್ ಕಲ್ಲಿನ ಖಲಬತ್ತಾ ಕೊಡುವಾಗ ಒಂದು ಮಾತು ಬಾಯಿಗೆ ಬಂದಿತ್ತು. ಯಾವ ಪ್ರಯೋಗಾಲಯದಲ್ಲಾದರೂ ಯಾರಿಗಾದರೂ ಹೇಳುವ ಮಾತೇ ಅದು. ಮುಟ್ಟುವ ಮೊದಲು ಕೈ ತೊಳೆದುಕೊಳ್ಳಿ. ವಿದ್ಯಾರ್ಥಿಗಳಿಗೆ ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅವತ್ತು ಅದನ್ನು ಆಡಲಿಲ್ಲ. ಅದರ ಬದಲು, "ಕೂಡ್ರಿ ಮಾಳಿಂಗಪ್ಪಾ" ಎಂದಳು.

ಕಮಲಾಪುರದಲ್ಲಿ ಅಜ್ಜಿಯ ಮನೆಯ ಹಿತ್ತಲಲ್ಲಿ ಮಲ್ಕಮ್ಮ ಎಂಬುವಳು ಹಿತ್ತಾಳೆ ಭಾಂಡೆ ತಿಕ್ಕುತ್ತಿದ್ದಳು. ಅಜ್ಜಿ ಪಾರ್ವತೀಬಾಯಿ ಕೆಟ್ಟವಳಲ್ಲ. ಮಲ್ಕಮ್ಮನ ಬಾಣಂತನಕ್ಕೆ ತುಪ್ಪ ಕಳಿಸಿದವಳು, ಅವಳ ಮಗಳ ಮದುವೆಗೆ ಸೀರೆ ಕೊಟ್ಟವಳು. ಆದರೆ ದಿನಾ ಬೆಳಿಗ್ಗೆ, "ಮಲ್ಕವ್ವಾ, ಕೈ ತೊಳಕೊಂಡಿಯೇನ?" ಎಂದು ಕೇಳುವಳು. ಮಲ್ಕಮ್ಮ ನೀರು ತೊಟ್ಟಿಕ್ಕುವ ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸುವಳು. ತೋರಿಸಿದ ಮೇಲೂ ಅಜ್ಜಿ ತೊಳೆದ ಭಾಂಡೆಗಳ ಮೇಲೆ ತಾನೊಮ್ಮೆ ನೀರು ಸುರಿದೇ ಒಳಗೆ ಒಯ್ಯುವಳು. ಎಂಟು ವರ್ಷದ ಇಂದೂ ಒಂದು ದಿನ, ತೊಳೆದದ್ದನ್ನು ಮತ್ತೆ ಯಾಕೆ ತೊಳೆಯುತ್ತಿ ಎಂದು ಮಲ್ಕಮ್ಮನ ಎದುರೇ ಕೇಳಿದಳು. ಅಜ್ಜಿ ಭಾಂಡೆ ಎತ್ತಿಕೊಂಡು ಒಳಗೆ ಹೋದಳು. ಮಲ್ಕಮ್ಮ ನಕ್ಕಳು. ಆ ನಗು ಎಂಥದೆಂದು ಆಗ ತಿಳಿಯಲಿಲ್ಲ. ದೊಡ್ಡವಳಾಗಿ ತಿಳಿದ ಮೇಲೆ, ಆ ಮಾತನ್ನು ಮಲ್ಕಮ್ಮನ ಹಾಗೆ ಕೈಕೆಳಗೆ ದುಡಿಯುವ ಬೇರೆ ಜಾತಿಯವರಿಗೆ ತನ್ನ ಬಾಯಿಂದ ಎಂದೂ ಆಡಬಾರದೆಂದು ಇಂದೂಬಾಯಿ ನಿಶ್ಚಯಿಸಿಕೊಂಡಳು. ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಬಹುಶಃ ಅವಳ ಬದುಕಿನಲ್ಲಿ ಅವಳು ಕೂದಲೆಳೆಯಷ್ಟೂ ಮುರಿಯದ ವ್ರತ ಅದೊಂದೇ.

ಮಾಳಿಂಗಪ್ಪ ಅರೆಯುವುದನ್ನು ನೋಡಬೇಕಾಗಿತ್ತು. ಗೋಡೆಗೆ ಬೆನ್ನು ಕೊಟ್ಟು, ಖಲಬತ್ತಾವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಬಲಗೈಯಲ್ಲಿ ಬತ್ತಾ ಹಿಡಿದು, ಎಡ ಅಂಗೈಯನ್ನು ಮೇಲೆ ಕೊಡೆಯ ಹಾಗೆ ಬಾಗಿಸಿ ಹಿಡಿಯುವನು. ಪುಡಿ ತುಟ್ಟಿ, ಒಂದು ಕಣವೂ ಹಾರಬಾರದು ಎಂದು ಬಾಯಾರು, ಅಂದರೆ ಇಂದೂಬಾಯಿ, ಹೇಳಿದ್ದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದ. ಅಂಚಿಗೆ ಹತ್ತಿದ್ದನ್ನು ಬೆರಳಿಂದ ಮೆಲ್ಲಗೆ ಒಳಗೆ ಸರಿಸುವನು. ತಾಸಿಗೊಮ್ಮೆ ಎದ್ದು ವರಾಂಡಕ್ಕೆ ಹೋಗುವನು. ಪ್ರಯೋಗಾಲಯದೊಳಗೆ ತಂಬಾಕು ತಿನ್ನುತ್ತಿರಲಿಲ್ಲ. ಅಷ್ಟು ಮರ್ಯಾದೆ ಅವನಿಗೆ ತಾನಾಗಿಯೇ ಗೊತ್ತಿತ್ತು. ಹೊರಗೆ ನಿಂತು ಎಡ ಅಂಗೈಯಲ್ಲಿ ತಂಬಾಕಿಟ್ಟು, ಡಬ್ಬಿಯಿಂದ ಸುಣ್ಣ ತೀಡಿ, ಹೆಬ್ಬೆರಳಿಂದ ತಿಕ್ಕಿ ತಿಕ್ಕಿ, ತುಟಿಯ ಒಳಗಿಟ್ಟು, ಕೈಯನ್ನು ಧೋತರಕ್ಕೆ ಒರೆಸಿ, ಒಳಗೆ ಬಂದು ಕೂಡುವನು. ಇಂದೂಬಾಯಿ ಇದನ್ನು ದಿನಾ ನೋಡುತ್ತಿದ್ದಳು. ವರ್ಷಗಟ್ಟಲೆ ನೋಡಿದಳು.

ಅವಳು ಹುಡುಕುತ್ತಿದ್ದದ್ದು ಒಂದು ಕೆಂಪು. ಚಹಾದ ಕಪ್ಪು ಬಸಿ, ಮಕ್ಕಳ ಆಟಿಕೆ, ಬಚ್ಚಲಿನ ಹಂಚು, ಎಲ್ಲಕ್ಕೂ ಬಳಿಯುವ ಕೆಂಪಿನಲ್ಲಿ ಆಗ ಸೀಸವೋ ಕ್ಯಾಡ್ಮಿಯಮ್ಮೋ ಇರುತ್ತಿತ್ತು. ಎರಡೂ ವಿಷ. ವಿಷವಿಲ್ಲದ ಕೆಂಪುಗಳು ಭಟ್ಟಿಯ ಬಿಸಿಗೆ ನಿಲ್ಲುತ್ತಿರಲಿಲ್ಲ. ಸೀರಿಯಂ, ಪ್ರಾಸಿಯೊಡೈಮಿಯಂ ಎಂಬ ಎರಡು ಅಪರೂಪದ ಲೋಹಗಳ ಆಕ್ಸೈಡ್ ಬೆರೆಸಿ ಸುಟ್ಟರೆ ಬೆಂಕಿಗೆ ಅಂಜದ ಕೆಂಪು ಸಿಗಬಹುದೆಂದು ಅವಳ ಲೆಕ್ಕ. ಮೂರು ವರ್ಷ ಸಿಕ್ಕದ್ದು ತೊಗರಿ ಹೊಟ್ಟಿನ ಬಣ್ಣ. ಬೆರಕೆಯ ಪ್ರಮಾಣ ಬದಲಿಸಿದಳು, ಬಿಸಿ ಹೆಚ್ಚಿಸಿದಳು, ಮೂರು ಸಲದ ಅರೆತವನ್ನು ಏಳಕ್ಕೆ ಏರಿಸಿದಳು. ಎಂಬತ್ತೇಳರ ದೀಪಾವಳಿ ಮುಗಿದ ವಾರ, ಮಧ್ಯಾಹ್ನ, ಮಾಳಿಂಗಪ್ಪ ಮೂಸೆಯನ್ನು ಇಕ್ಕಳದಿಂದ ಹೊರಗೆ ತೆಗೆದು, ತಣಿಯುವ ತನಕ ಕಾದು, ಮುಚ್ಚಳ ಸರಿಸಿದ. 

"ಬಾಯಾರ, ನಿಮ್ಮೂರ ಬಾಳೆಹಣ್ಣಿನ ಬಣ್ಣ ಬಂದದ ನೋಡ್ರಿ."

ಕಮಲಾಪುರದ ಕೆಂಪು ಬಾಳೆಯ ಬಣ್ಣವೇ. ಹಣ್ಣು ಪೂರಾ ಮಾಗುವ ಎರಡು ದಿನ ಮೊದಲು ಸಿಪ್ಪೆಗೆ ಒಂದು ಆಳವಾದ ಕೆಂಪು ಬರುತ್ತದಲ್ಲ, ಅದು. ಇಂದೂಬಾಯಿ ಅದನ್ನು ಬಿಸಿಲಿಗೆ ಒಯ್ದು ನೋಡಿದಳು, ನೆರಳಿಗೆ ತಂದು ನೋಡಿದಳು. ಮತ್ತೆ ಸುಟ್ಟರೂ ಅದು ಮಾಸಲಿಲ್ಲ. ಮರುವರ್ಷ ಪರದೇಶದ ಒಂದು ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಬಂತು. ಹೆಸರಿಡುವಾಗ ಬಹಳ ಯೋಚಿಸಲಿಲ್ಲ. ಕಮಲಾಪುರದ ಕೆಂಪು ಎಂದೇ ಇಟ್ಟಳು.

ಆಮೇಲೆ ಕಾಗದಗಳು ಬರತೊಡಗಿದವು. ಜಪಾನಿನಿಂದ, ಜರ್ಮನಿಯಿಂದ, ಪಿಂಗಾಣಿ ಸಾಮಾನು ಮಾಡುವ ನಮ್ಮದೇ ದೇಶದ ಊರುಗಳಿಂದ. ಸೀಸವಿಲ್ಲದ ಕೆಂಪು ಸಾಧ್ಯ ಎಂಬ ಅವಳ ಒಂದು ಮಾತು ಹತ್ತಾರು ಪ್ರಯೋಗಾಲಯಗಳನ್ನು ಆ ದಾರಿಗೆ ಎಳೆಯಿತು. ಅಪರೂಪದ ಲೋಹಗಳ ಬಣ್ಣಗಳ ಬಗ್ಗೆ ಯಾರು ಏನು ಬರೆದರೂ ಮೊದಲ ಸಾಲಿನಲ್ಲಿ ಅವಳ ಹೆಸರು ಬರುತ್ತಿತ್ತು. ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಭಾಷಣಕ್ಕೆ ಕರೆದರು. ಅವಳು ನಾಲ್ಕು ಸೀರೆಗಳನ್ನೇ ತಿರುಗಿ ತಿರುಗಿ ಉಟ್ಟುಕೊಂಡು ರೈಲಿನ ಎರಡನೆಯ ದರ್ಜೆಯ ಡಬ್ಬಿಯಲ್ಲಿ ಹೋಗಿ ಬರುತ್ತಿದ್ದಳು. ಮದುವೆಯ ಮಾತು ಆ ಹೊತ್ತಿಗೆ ಮನೆಯಲ್ಲಿ ನಿಂತೇ ಹೋಗಿತ್ತು.

ಕೆಂಪು ಬಂದ ಎರಡನೆಯ ವರ್ಷ ಒಂದು ಸಂಗತಿ ನಡೆಯಿತು. ಮಾಳಿಂಗಪ್ಪ ಜ್ವರದಿಂದ ವಾರವಿಡೀ ಬರಲಿಲ್ಲ. ಎಂ.ಎಸ್ಸಿ. ಹುಡುಗಿಯೊಬ್ಬಳು ಅದೇ ಪುಡಿಗಳನ್ನು ಅದೇ ಅಳತೆಯಲ್ಲಿ ಅರೆದು ಸುಟ್ಟಳು. ತೊಗರಿ ಹೊಟ್ಟು ಬಂತು. ಮಾಳಿಂಗಪ್ಪ ತಿರುಗಿ ಬಂದು ಅರೆದ, ಕೆಂಪು ಬಂತು. ಎಲ್ಲರೂ ನಕ್ಕರು. ಮಾಳಿಂಗಪ್ಪನ ಕೈಗುಣ ಅಂದರು. ಕೈಗುಣ ಎಂಬ ಮಾತು ನಮ್ಮ ಕಡೆ ಎಷ್ಟು ಸಲೀಸು. ಒಬ್ಬರ ಕೈಯ ಉಪ್ಪಿನಕಾಯಿ ವರ್ಷವಾದರೂ ಕೆಡುವುದಿಲ್ಲ, ಒಬ್ಬರು ನೆಟ್ಟ ಸಸಿ ಸಾಯುವುದಿಲ್ಲ, ಒಬ್ಬರು ಕೊಟ್ಟ ಬೇರಿಗೆ ಕಾಮಾಲೆ ಇಳಿಯುತ್ತದೆ. ಇಂದೂಬಾಯಿಯೂ ನಕ್ಕಳು. ಇನ್ನು ಮೇಲೆ ಮಾಳಿಂಗಪ್ಪನೇ ಅರೆಯಲಿ ಎಂದಳು. ಓದಿದವಳು, ಲೋಕಕ್ಕೆ ಗೊತ್ತಿದ್ದವಳು, ಅವಳು ನಿಂತು ಯೋಚಿಸಬೇಕಾಗಿದ್ದ ಜಾಗ ಅದು. ನಿಲ್ಲಲಿಲ್ಲ. ಆ ಸಲೀಸಾದ ಮಾತಿನ ಮೇಲೆ ಕಾಲಿಟ್ಟು ದಾಟಿದಳು.

ತೊಂಬತ್ತಮೂರರ ಬೇಸಿಗೆಯಲ್ಲಿ ಮಾಳಿಂಗಪ್ಪನ ದವಡೆಯ ಒಳಗೆ ಬಿಳಿ ಕಲೆ ಎದ್ದಿತು. ಡಾಕ್ಟರು ತಂಬಾಕು ಬಿಡು, ಇಲ್ಲವಾದರೆ ನಿನ್ನ ಹೆಂಡತಿಯನ್ನು ಕರಕೊಂಡು ಬಾ, ಅವಳಿಗೆ ಹೇಳುತ್ತೇನೆ ಎಂದರಂತೆ. ಮಾಳಿಂಗಪ್ಪ ಅವತ್ತೇ ಬಿಟ್ಟ. ಚಂಚಿಯನ್ನು ಹೆಂಡತಿ ದುಂಡಮ್ಮ ಒಲೆಗೆ ಹಾಕಿದಳಂತೆ. ಬಾಯಾರಿಗೆ ಬಂದು ಹೇಳಿದಾಗ ಅವಳು ಸಂತೋಷಪಟ್ಟು ಅವನಿಗೆ ಕಡಲೆ ಬೆಲ್ಲದ ಪೊಟ್ಟಣ ಕೊಟ್ಟಳು.

ಆ ತಿಂಗಳಿಂದ ಕೆಂಪು ಬರಲಿಲ್ಲ.

ಮೊದಲು ಕರೆಂಟನ್ನು ಬೈದಳು. ಆಮೇಲೆ ಬಿಸಿಯ ಕಡ್ಡಿ ಬದಲಿಸಿದಳು, ಬೇರೆ ಕಡೆಯಿಂದ ಆಕ್ಸೈಡ್ ತರಿಸಿದಳು, ಹಳೆಯ ಮೂಸೆಗಳನ್ನು ಒಡೆದು ಹೊಸವು ತಂದಳು. ಮೂಸೆ ತೆಗೆದಾಗಲೆಲ್ಲ ತೊಗರಿ ಹೊಟ್ಟು. ಇತ್ತ ಕಾಗದಗಳ ಧಾಟಿಯೂ ಬದಲಾಯಿತು. ಮೊದಲು ವಿನಯದಿಂದ, ನಮಗೆ ನಿಮ್ಮ ಬಣ್ಣ ಸಿಗುತ್ತಿಲ್ಲ, ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದರು. ಆಮೇಲೆ ಒಬ್ಬರು ಅಚ್ಚಿನಲ್ಲಿಯೇ, ಈ ಫಲಿತಾಂಶವನ್ನು ಯಾರೂ ಮತ್ತೆ ಪಡೆದಿಲ್ಲ ಎಂದು ಬರೆದರು. ತೊಂಬತ್ತನಾಲ್ಕರಲ್ಲಿ ಹೈದರಾಬಾದಿನ ಸಭೆಯೊಂದರಲ್ಲಿ ಅವಳು ಮಾತು ಮುಗಿಸಿ ಕೂತಾಗ ಹಿಂದಿನ ಸಾಲಿನಿಂದ ಒಬ್ಬರು, ಬಾಯಿಯವರು ಆ ದಿನ ಮೂಸೆಗೆ ಕುಂಕುಮ ಏರಿಸಿದ್ದರೋ ಏನೋ ಎಂದರು. ಸಭೆ ನಕ್ಕಿತು. ಅವಳೂ ಎಲ್ಲರ ಜೊತೆ ನಕ್ಕು, ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಬಂದಳು. ಕಾಲೇಜಿನಲ್ಲಿ ಸಹೋದ್ಯೋಗಿಗಳು ಚಹಾದ ಹೊತ್ತಿಗೆ, "ಬಾಯಾರ ಭಟ್ಟ್ಯಾಗ ಈಗ ಇಟ್ಟಂಗಿ ಸುಡಾಕತ್ತಾರಂತ, ಮನಿ ಕಟ್ಟೋರು ಇದ್ರ ಹೇಳ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು. ಸುಳ್ಳುಗಾತಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಉತ್ತರ ಕೊಡಬಹುದಾಗಿತ್ತು.

ಮಾಳಿಂಗಪ್ಪ ಇದನ್ನೆಲ್ಲ ತನ್ನ ಮೇಲೆ ಹೊತ್ತುಕೊಂಡ. ಮಾಳಿಂಗರಾಯನ ಗುಡಿಯ ಭಂಡಾರದ ಅರಿಶಿನ ತಂದು ಭಟ್ಟಿಯ ಬಾಗಿಲಿಗೆ ಹಚ್ಚಿದ. ಸೋಮವಾರ ಒಪ್ಪತ್ತು ಹಿಡಿದ. ನಾಲ್ಕು ತಾಸು ಅರೆಯುತ್ತಿದ್ದವನು ಆರು ತಾಸು ಅರೆದ. ಒಂದು ದಿನ ಬತ್ತಾ ಕೆಳಗಿಟ್ಟು, "ಬ್ಯಾರೇದವರ ಕೈಲೆ ಅರಸ್ರಿ ಬಾಯಾರ. ನನ್ನ ಕೈ ಸತ್ತದ" ಎಂದ.

ಕೈಗೂ ಬಣ್ಣಕ್ಕೂ ಏನೂ ಸಂಬಂಧವಿಲ್ಲ, ಇದು ಶಾಸ್ತ್ರ, ಮಂತ್ರವಲ್ಲ ಎಂದು ಇಂದೂಬಾಯಿ ಅವನಿಗೆ ಸಮಾಧಾನ ಹೇಳಿದಳು. ಪೂರಾ ನಂಬಿಯೇ ಹೇಳಿದಳು.

ಆಗ ಅವಳ ಹತ್ತಿರ ಸಿಕಂದರ್ ಎಂಬವನು ಪಿಎಚ್.ಡಿ. ಮಾಡುತ್ತಿದ್ದ. ಇಪ್ಪತ್ತೇಳು ವರ್ಷ, ಮಾತು ಕಡಿಮೆ, ನೆಹರು ಗಂಜಿನಲ್ಲಿ ಸೋದರಮಾವನ ದಾಲ್ ಮಿಲ್ಲು. ಮಾವ ಮಿಲ್ಲಿಗೆ ಬಾ ಬಾ ಎಂದು ಕರೆಯುತ್ತಿದ್ದರೂ ಬಣ್ಣದ ಹಿಂದೆ ಬಿದ್ದಿದ್ದ. ಎಂಬತ್ತೇಳರ ಆ ಮೊದಲ ಕೆಂಪನ್ನು ಇಂದೂಬಾಯಿ ಸಣ್ಣ ಗಾಜಿನ ಕುಪ್ಪಿಯಲ್ಲಿ ಇಟ್ಟುಕೊಂಡಿದ್ದಳು, ಅದರಲ್ಲಿ ಚಿಟಿಕೆಯಷ್ಟು ಕೇಳಿಕೊಂಡು, ಈಗಿನ ಕಂದು ಪುಡಿಯನ್ನೂ ಕಟ್ಟಿಕೊಂಡು ಹೈದರಾಬಾದಿಗೆ ಒಯ್ದ. ಅಲ್ಲಿ ಹೊಸ ಯಂತ್ರ ಬಂದಿತ್ತು. ಪುಡಿಯೊಂದರಲ್ಲಿ ಯಾವ ಯಾವ ಧಾತು ಎಷ್ಟೆಷ್ಟು ಇದೆಯೆಂದು ಹೇಳುತ್ತಿತ್ತು. ಎರಡು ದಿನ ಬಿಟ್ಟು ತಿರುಗಿ ಬಂದವನು ಸ್ಟೇಶನ್ನಿನಿಂದ ನೇರ ಕಾಲೇಜಿಗೆ ಬಂದ. ಹಳೆಯ ಕೆಂಪಿನಲ್ಲಿ ಕ್ಯಾಲ್ಸಿಯಂ ಇತ್ತು. ಬೆರೆಸದೇ ಬಂದ ಕ್ಯಾಲ್ಸಿಯಂ. ಈಗಿನ ಕಂದಿನಲ್ಲಿ ಇರಲಿಲ್ಲ.

ಕ್ಯಾಲ್ಸಿಯಂ ಎಂದರೆ ಸುಣ್ಣ. ಎಲ್ಲಿಂದ ಬಂತು ಎಂದು ಇಬ್ಬರೂ ಹುಡುಕಿದರು. ಬೋರಿನ ನೀರನ್ನು ಪರೀಕ್ಷಿಸಿದರು. ಸುಣ್ಣ ಹೊಡೆದ ಛತ್ತು ಉದುರುತ್ತಿರಬಹುದೆಂದು ಮೇಲೆ ಬಟ್ಟೆ ಕಟ್ಟಿ ನೋಡಿದರು. ಹದಿನೈದು ದಿನ ಕಳೆಯಿತು. ಒಂದು ಸಂಜೆ ಸಿಕಂದರ್ ವರಾಂಡದಲ್ಲಿ ಆಫೀಸಿನ ಜವಾನನೊಬ್ಬ ತಂಬಾಕು ತಿಕ್ಕುವುದನ್ನು ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಒಳಗೆ ಬಂದು ಮೆಲ್ಲಗೆ ಕೇಳಿದ.

"ಮಾಳಿಂಗಪ್ಪ ಕಾಕಾ ತಂಬಾಕು ಬಿಟ್ಟದ್ದು ಯಾವಾಗ್ರಿ ಬಾಯಾರ?"

  ಕಡಲೆ ಬೆಲ್ಲದ ಪೊಟ್ಟಣ ಕಟ್ಟಿದ ದಿನ ಅವಳಿಗೆ ನೆನಪಿತ್ತು.

"ಅರಿಯೂ ಮೊದಲ ಕೈ ತೊಳಕೋರಿ ಅಂತ ನೀವು ಅವರಿಗೆ ಹೇಳಿದ್ದಿಲ್ಲೇನ್ರಿ?"

ಅವನ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಬರೀ ಆಶ್ಚರ್ಯ. ನೂರು ಸಲ ತನಗೆ ಹೇಳಿದವಳು ಅವಳು. ಇಂದೂಬಾಯಿ ಖುರ್ಚಿಯಲ್ಲಿ ಕೂತವಳು ಮೇಜಿನ ಮೇಲಿದ್ದ ತನ್ನ ಎರಡು ಕೈಗಳನ್ನು ನೋಡಿಕೊಂಡಳು. "ಇಲ್ಲ" ಎಂದಳು.

ಮರುದಿನ ಸಿಕಂದರ್ ತಾನೇ ಕೂತು ಅರೆದ. ಸಾಬೂನಿನಿಂದ ಎರಡು ಸಲ ಕೈ ತೊಳೆದುಕೊಂಡು, ಅಳತೆ ಮಾಡಿದ ಸುಣ್ಣದ ಚಿಟಿಕೆಯನ್ನು ಪುಡಿಗೆ ಬೆರೆಸಿ ಅರೆದ. ನಾಲ್ಕನೆಯ ದಿನ ಮೂಸೆ ತೆಗೆದರೆ ಕಮಲಾಪುರದ ಕೆಂಪು. ಎರಡು ವರ್ಷ ಕಾಣದ ಕೆಂಪು. ಇಂದೂಬಾಯಿಯ ಕಣ್ಣು ಅದರ ಮೇಲೆ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಳಿಂಗಪ್ಪನ ಕಡೆ ಹೋಯಿತು. ಅವನು ಹತ್ತಿರ ಬಂದ, ಬಗ್ಗಿ ನೋಡಿದ. ಆಮೇಲೆ ಸಿಕಂದರನ ಬಲಗೈಯನ್ನು ಹಿಡಿದು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡ.

"ಗುಣ ನಿನ್ನ ಕೈಗೆ ಬಂದದಪಾ. ಚಲೋ ಆತು. ಬಾಯಾರ ಮಾನ ಉಳೀತು."

ಸಿಕಂದರ್ ಬಾಯಿ ತೆರೆದ. ಇಂದೂಬಾಯಿ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ.

ಅದೇ ವಾರ ಮಾಳಿಂಗಪ್ಪ ಆಫೀಸಿಗೆ ಅರ್ಜಿ ಬರೆಸಿಕೊಟ್ಟು, ಗಂಟೆ ಬಾರಿಸುವ ಕೆಲಸಕ್ಕೆ ಹೋದ. ಪ್ರಯೋಗಾಲಯದ ಕಡೆ ಮತ್ತೆ ಬರಲಿಲ್ಲ.

ಹೇಳಬಹುದಾಗಿತ್ತು. ಎಷ್ಟು ಸಲ ಅವಳು ಮಾತನ್ನು ಜೋಡಿಸಿ ನೋಡಿದಳು. ಮಾಳಿಂಗಪ್ಪಾ, ನಿಮ್ಮ ಅಂಗೈಯ ಸುಣ್ಣ. ಎಲ್ಲಿಂದ ಶುರುಮಾಡಿದರೂ ಆ ಮಾತು ತಿರುಗಿ ತಿರುಗಿ ಒಂದೇ ಕಡೆ ಬಂದು ಮುಟ್ಟುತ್ತಿತ್ತು. ತೊಳೆಯದ ಕೈ. ಪಾರ್ವತೀಬಾಯಿಯ ಮೊಮ್ಮಗಳು ಮಹಾಗಾಂವದ ಕುರುಬನಿಗೆ ಹೇಳುವ ಮಾತು. ಎರಡು ಸಲ ಗಂಟೆಯ ಹತ್ತಿರದ ತನಕ ನಡೆದು ಹೋಗಿ, ಅವನ ಮಕ್ಕಳ ಯೋಗಕ್ಷೇಮ ಕೇಳಿ ತಿರುಗಿ ಬಂದಳು.

ಸಿಕಂದರ್ ಲೇಖನ ಬರೆದು ತಂದ. ಸುಣ್ಣ ಸೇರಿದರೆ ಕೆಂಪು ಯಾಕೆ ಬರುತ್ತದೆ ಎಂಬುದನ್ನು ಅವನು ಬಹಳ ಚೆನ್ನಾಗಿ ಬಿಡಿಸಿದ್ದ. ಅದು ಮೊದಲಿನದಕ್ಕಿಂತ ದೊಡ್ಡ ಕೆಲಸ ಎಂದು ಅವಳಿಗೆ ಓದುವಾಗಲೇ ತಿಳಿಯಿತು. ಮೂರನೆಯ ಪುಟದಲ್ಲಿ ಒಂದು ವಾಕ್ಯ ಇತ್ತು. ಹಿಂದಿನ ಮಾದರಿಗಳಲ್ಲಿ ಕ್ಯಾಲ್ಸಿಯಂ ಪ್ರಯೋಗಾಲಯದ ಸಹಾಯಕನ ಕೈಯಿಂದ ಬಂದದ್ದು. ಅವಳು ಅದಕ್ಕೆ ಗೀಟು ಎಳೆದಳು. ಮೂಲ ತಿಳಿಯದ ಕಲಬೆರಕೆ, ಅದಕ್ಕೆ ಲೇಖಕಿಯ ಅಜಾಗರೂಕತೆಯೇ ಕಾರಣ ಎಂದು ಬರೆದಳು. ಪತ್ರಿಕೆಯವರು ತಿರುಗಿ ಕೇಳಿದರು. ಇಷ್ಟು ವರ್ಷ ಪ್ರತಿ ಸಲವೂ ಸರಿಯಾದ ಅಳತೆಯಲ್ಲಿ ಸೇರಿದ ಕಲಬೆರಕೆಯ ಮೂಲ ತಿಳಿಯದೆ ಇರುವುದು ಹೇಗೆ? ಮೂಲ ಹೇಳಿದರೆ ಪ್ರಕಟಿಸುತ್ತೇವೆ. ಪ್ರಶ್ನೆ ಸರಿಯಾಗಿಯೇ ಇತ್ತು. ಅವಳು ಆ ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಅದರ ಮೇಲೆ ಉತ್ತರಪತ್ರಿಕೆಗಳು ಬಂದು ಕೂತವು, ಅವುಗಳ ಮೇಲೆ ಹಾಜರಿಪುಸ್ತಕ. ಸಿಕಂದರ್ ವಾರಕ್ಕೊಮ್ಮೆ ಕೇಳಿದ, ಆಮೇಲೆ ತಿಂಗಳಿಗೊಮ್ಮೆ.

ತೊಂಬತ್ತಾರರ ಕೊನೆಗೆ ಸಮುದ್ರದಾಚೆಯ ಬೇರೊಂದು ಗುಂಪು ಅದೇ ಮಾತನ್ನು ಅಚ್ಚು ಹಾಕಿಸಿತು. ಸುಣ್ಣ ಸೇರಿಸಿದರೆ ಆ ಕೆಂಪು ಬರುತ್ತದೆ. ಇಂದೂಬಾಯಿಯ ಹೆಸರನ್ನು ಅವರು ಮರೆತಿರಲಿಲ್ಲ. ಈ ದಾರಿ ತೋರಿಸಿದವರು, ಆದರೆ ತಾವು ಏನು ಮಾಡಿದರೆಂದು ತಮಗೇ ತಿಳಿಯದವರು ಎಂಬ ಅರ್ಥ ಬರುವ ಹಾಗೆ ಒಂದು ಸಾಲು ಇತ್ತು. ಸಿಕಂದರನ ನಾಲ್ಕು ವರ್ಷದ ಕೆಲಸದಲ್ಲಿ ಹೊಸದು ಎನ್ನುವಂಥದು ಏನೂ ಉಳಿಯಲಿಲ್ಲ. ಅವನು ಪುಸ್ತಕಗಳನ್ನು ಕಟ್ಟಿಕೊಂಡು ಹೋಗಲು ಬಂದ ದಿನ ಅವಳು ಭಟ್ಟಿಯ ಎದುರು ಕೂತಿದ್ದಳು.

"ಒಬ್ಬರ ಮಾನ ಕಾಯಾಕ ಹೋಗಿ ಇಬ್ಬರನ್ನ ಮುಳಗಸೀರಿ ಬಾಯಾರ" ಎಂದ. ದನಿ ಏರಿಸಲಿಲ್ಲ. "ಅವರಿಗೆ ಒಮ್ಮೆಯಾರ ಕೇಳೀರೇನ್ರಿ, ಅದು ಅವರಿಗೆ ಅವಮಾನ ಆಗ್ತದೋ ಇಲ್ಲೋ ಅಂತ? ಕಾಕಾ ಕೇಳಿದ್ರ ನಗತಿದ್ದ. ನನ್ನ ತಂಬಾಕು ಫಾರಿನ್ನಿಗೆ ಹೋಗ್ಯದ ಅಂತ ಊರ ತುಂಬ ಹೇಳತಿದ್ದ."

ಅವಳು ಅವನನ್ನು ಕೂಡಿಸಿ ಚಹಾ ತರಿಸಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಹೊರಟುಹೋಗಿದ್ದ. ಆಮೇಲೆ ನೆಹರು ಗಂಜಿನ ಕಡೆ ಹೋದಾಗಲೆಲ್ಲ ಅವಳು ಆ ದಾಲ್ ಮಿಲ್ಲಿನ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದಳು.

ಅವನ ಮಾತಿನಲ್ಲಿ ಇನ್ನೊಂದು ಮಾತು ಇತ್ತು. ಅದು ಅವಳಿಗೆ ತಡವಾಗಿ ತಿಳಿಯಿತು. ಒಂದು ಮಾತು ಆಡಬಾರದೆಂದು ಹಿಡಿದ ಹಟದಲ್ಲಿ, ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೂತ ಮನುಷ್ಯನ ಜೊತೆ ಒಂದು ನಿಜವಾದ ಮಾತನ್ನೂ ಅವಳು ಆಡಿರಲಿಲ್ಲ. ಅವನನ್ನು ಬೇರೆಯವರ ಹಾಗೆ ಗದರಿಸಲಿಲ್ಲ, ತಿದ್ದಲಿಲ್ಲ. ಅಜ್ಜಿ ನೀರು ಸುರಿದು ದೂರ ಇಟ್ಟಳು. ಮೊಮ್ಮಗಳು ಸುಮ್ಮನಿದ್ದು ದೂರ ಇಟ್ಟಳು. ಇದು ತಿಳಿದ ಮೇಲಾದರೂ ಹೋಗಿ ಹೇಳಬಹುದಾಗಿತ್ತು. ತಿಳಿದ ಮೇಲೆ ಇನ್ನೂ ಕಷ್ಟವಾಯಿತು.

ಮಾಳಿಂಗಪ್ಪ ನಿವೃತ್ತನಾಗಿ ಊರಿಗೆ ಹೋದ. ಎರಡು ಸಾವಿರದ ಎರಡರಲ್ಲಿ ಕಂಪ್ಯೂಟರ್ ಕೋಣೆಗೆ ಜಾಗ ಬೇಕೆಂದು ಕಾಲೇಜಿನವರು ಭಟ್ಟಿ ಒಡೆಸಿದರು. ಅವಳು ಪಾಠ ಮಾಡುತ್ತಿದ್ದಳು, ಸುತ್ತಿಗೆಯ ಪೆಟ್ಟು ಕೇಳಿಸಿದರೂ ಪಾಠ ನಿಲ್ಲಿಸಲಿಲ್ಲ. ಆ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ಆ ಕೆಂಪಿನ ಕಪ್ಪು ಬಸಿ ಬಂದಿದ್ದವು. ಅಂಗಡಿಯವನು ಗ್ಯಾರಂಟಿ ಬಣ್ಣ, ವಿಷ ಇಲ್ಲ, ಕೂಸಿಗೂ ಹಾಲು ಕುಡಿಸಬಹುದು ಎಂದು ಹೇಳುತ್ತಿದ್ದ. ಅವಳು ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟು ಬಂದಳು.

ಮರುವರ್ಷ ಜನವರಿಯಲ್ಲಿ, ತೊಗರಿ ರಾಶಿಯ ದಿನಗಳಲ್ಲಿ, ಕಮಲಾಪುರಕ್ಕೆ ಹೋಗಿ ತಿರುಗಿ ಬರುವಾಗ ಅವಳು ಮಹಾಗಾಂವದಲ್ಲಿ ಬಸ್ಸಿನಿಂದ ಇಳಿದಳು. ಇಳಿಯಬೇಕೆಂದು ಟಿಕೆಟ್ ತೆಗೆಸಿರಲಿಲ್ಲ. ಕೇಳುತ್ತ ಹೋದಳು. ಮಾಳಿಂಗಪ್ಪ ಊರ ಹೊರಗಿನ ಕಣದಲ್ಲಿ ಬೇವಿನ ಗಿಡದ ನೆರಳಿಗೆ ಕೂತಿದ್ದ. ಕೂದಲು ಪೂರಾ ಬಿಳಿ. ಎದ್ದು ನಿಂತು, "ಅರೆ, ಬಾಯಾರ" ಎಂದು ಕಂಬಳಿ ಝಾಡಿಸಿ ಹಾಸಿದ. ದುಂಡಮ್ಮ ಚಹಾ ಕಾಯಿಸಿ ತಂದಳು. ರಾಶಿಯ ಮಂದಿ ಆಚೆ ತೊಗರಿ ತೂರುತ್ತಿದ್ದರು, ಹೊಟ್ಟು ಗಾಳಿಗೆ ತೇಲಿ ಬರುತ್ತಿತ್ತು.

ಬೆಳೆ ಹೇಗಿದೆ ಎಂದು ಇಂದೂಬಾಯಿ ಕೇಳಿದಳು. ದುಂಡಮ್ಮನಿಗೆ ಅಷ್ಟೇ ಸಾಕಾಯಿತು. ಬೆಳೆಗೇನು, ಬಂದಷ್ಟು ಬಂತು. ಈ ಮನುಷ್ಯನದೇ ಚಿಂತೆ ಎಂದಳು. ಒಂದು ಕಾಲಕ್ಕೆ ಇಡೀ ಓಣಿಯವರು ಬಿತ್ತುವಾಗ ಕೂರಿಗೆಗೆ ಮೊದಲ ಹಿಡಿ ಕಾಳು ಇವನ ಕೈಯಿಂದಲೇ ಹಾಕಿಸುತ್ತಿದ್ದರು. ಈಗ ತನ್ನ ಹೊಲದಲ್ಲಿಯೂ ಹಾಕುವುದಿಲ್ಲ. ಈದ ಆಕಳಿನ ಕರು ಮುಟ್ಟುವುದಿಲ್ಲ. ಮೊಮ್ಮಗನ ಬಾಯಿಗೆ ಮೊದಲ ತುತ್ತು ಇಡು ಎಂದರೆ ಎದ್ದು ಹೊರಗೆ ಹೋದ.

"ಕಾಲೇಜಿನ್ಯಾಗ ಕೈ ಸತ್ತದಂತ್ರಿ ಬಾಯಾರ. ಹಂಗಂತ ಎಂಟು ವರ್ಷ ಆತು ಕೈ ಕಟಗೊಂಡು ಕುಂತಾನ. ನೀವಾರ ಹೇಳ್ರಿ."

"ಸುಮ್ಮನಿರ ನೀ" ಎಂದು ಮಾಳಿಂಗಪ್ಪ ಹೆಂಡತಿಯನ್ನು ಗದರಿಸಿದ. ಅವಳು ಖಾಲಿ ಕಪ್ಪು ಎತ್ತಿಕೊಂಡು ಹೋದಳು.  ಆಮೇಲೆ ತಲೆ ಎತ್ತದೆ ಕೇಳಿದ.

"ನಾ ಏನ ತಪ್ಪ ಮಾಡಿದ್ನಿರಿ ಬಾಯಾರ? ಆ ಹುಡುಗನ ಕೈಗೆ ಬಂದದ್ದು ನನ್ನ ಕೈಗೆ ಯಾಕ ಬರಲಿಲ್ಲ? ನೀವು ಓದಿದಾಕಿ. ನಿಮಗ ಗೊತ್ತದ."

ಗಾಳಿ ಬಿತ್ತು. ತೂರುವವರು ಮೊರ ಇಳಿಸಿ ನಿಂತರು. ಇಂದೂಬಾಯಿ ಕಂಬಳಿಯ ಅಂಚನ್ನು ಬೆರಳಿಂದ ಹಿಡಿದಿದ್ದಳು.  ಇಷ್ಟು ಹತ್ತಿರದಿಂದ ಅವಳು ಅವನ ಮುಖ ನೋಡಿದ್ದು ಇದೇ ಮೊದಲು ಅನ್ನಿಸಿತು.

"ತಪ್ಪು ನಿಮ್ಮದಲ್ಲ ಮಾಳಿಂಗಪ್ಪಾ. ನಂದು. ನಿಮ್ಮ ಕೈಯಾಗ ಏನೂ ಕೆಟ್ಟಿಲ್ಲ."

"ಮತ್ತ?"

"ಮೊದಲನೇ ದಿನಾನ ನಾ ನಿಮಗ ಹೇಳಬೇಕಾಗಿತ್ತು" ಎಂದಳು. ಎದ್ದು ನಿಂತಳು. ಅವನೂ ಎದ್ದ. "ನೀವು ಖಲಬತ್ತಾ ಮುಟ್ಟೂ ಮೊದಲ, ಅಂದ್ರ, ನೀವು ಹೊರಗಿಂದ ಒಳಗ ಬರುವಾಗ..."

"ಹೇಳ್ರಿ ಬಾಯಾರ."

"ನೀವು ಒಳಗ ಬಂದ ಕೂಡಲೇ, ನಾ ನಿಮಗ" ಎನ್ನುತ್ತ ಅವಳು ಚಪ್ಪಲಿ ಮೆಟ್ಟಿಕೊಂಡಳು, ಸೆರಗು ಹೊದ್ದುಕೊಂಡಳು, ಕಣ ದಾಟಿ, ಮೊರ ಹಿಡಿದು ನಿಂತವರ ನಡುವೆ ಹಾದು, ಹಿಂದೆ ತಿರುಗಿ ನೋಡದೆ ಡಾಂಬರು ರಸ್ತೆಯ ಕಡೆ ನಡೆದುಬಿಟ್ಟಳು.